14.5 ಲಕ್ಷವೋ, 19.75 ಲಕ್ಷವೋ? ಕುವೆಂಪುನಗರದ ಹಳೇ ಮನೆ ರಿಪೇರಿ, ಯಾರಿಗೆ ಕೊಡಲಿ?

ಕೆಂಪುನೆಲ_86

ಎಲ್ಲರಿಗೂ ನಮಸ್ಕಾರ. ಅಪ್ಪ 1986ರಲ್ಲಿ ಕಟ್ಟಿಸಿದ ಮನೆ, 30-40 ಸೈಟು, ಕೆಳಗೆ ಸುಮಾರು ಒಂಬತ್ತು ಚದರ (ಒಂದು ಚದರ ಅಂದರೆ ನೂರು ಚದರಡಿ). ಆಗಿನಿಂದ ಸುಣ್ಣಬಣ್ಣ ಬಿಟ್ಟರೆ ದೊಡ್ಡ ಕೆಲಸ ಏನೂ ಮಾಡಿಸಿಲ್ಲ. ಈಗ ಎಲ್ಲಾ ಒಟ್ಟಿಗೆ ಕೈ ಕೊಡುತ್ತಿದೆ. ಬಚ್ಚಲಿನ ಗೋಡೆ ಆಚೆ ರೂಮಿನ ಕಡೆ ಒದ್ದೆಯಾಗಿ ಬಣ್ಣ ಉದುರುತ್ತಿದೆ, ಗೀಸರ್ ಆನ್ ಇದ್ದಾಗ ಮಿಕ್ಸಿ ಹಾಕಿದರೆ ಫ್ಯೂಸ್ ಹೋಗುತ್ತದೆ, ಕಬ್ಬಿಣದ ಪೈಪಿನಿಂದ ಬೆಳಿಗ್ಗೆ ಬರುವ ಮೊದಲ ಬಕೆಟ್ ನೀರು ಡಿಕಾಕ್ಷನ್ ಬಣ್ಣದಲ್ಲಿರುತ್ತದೆ.

ಮಾಡಿಸಬೇಕಿರುವುದು ಇಷ್ಟು: ಎರಡು ಬಾತ್‌ರೂಮ್ ಪೂರ್ತಿ ಒಡೆದು ಹೊಸದು, ಇಡೀ ಮನೆಗೆ ವೈರಿಂಗ್ ಮತ್ತು ಪೈಪು, ಅಡುಗೆಮನೆಗೂ ಹಾಲ್‌ಗೂ ನಡುವಿನ ಗೋಡೆ ತೆಗೆಯುವುದು, ಮೇಲೆ ನಾಲ್ಕು ಚದರದಲ್ಲಿ ಒಂದು ರೂಮು.

ಇಬ್ಬರು ಕಾಂಟ್ರಾಕ್ಟರ್‌ಗಳು ಬಂದು ನೋಡಿ ಹೋದರು. ಮೊದಲನೆಯವರು 14.5 ಲಕ್ಷ ಅಂದರು. ವಾಟ್ಸಾಪ್‌ನಲ್ಲಿ ನಾಲ್ಕು ಸಾಲು, ಅಷ್ಟೇ ಕೊಟೇಶನ್. ಕೆಲಸ ಶುರುವಾಗುವ ಮೊದಲೇ 5 ಲಕ್ಷ ಅಡ್ವಾನ್ಸ್ ಬೇಕಂತೆ. ಮಾತು ಮಾತ್ರ ಬೆಣ್ಣೆ: "ಸಾರ್, ಟೆನ್ಷನ್ ತಗೋಬೇಡಿ, ಕೀ ಕೊಟ್ಟು ಹೋಗಿ, ದಸರಾ ಗೊಂಬೆ ಹೊಸ ಮನೇಲೇ ಕೂರಿಸಿ." ಎರಡನೆಯವರು 19.75 ಲಕ್ಷ, ಜಿಎಸ್‌ಟಿ ಬೇರೆ. ಆರು ಪುಟದ ಎಸ್ಟಿಮೇಟ್, ಅಡ್ವಾನ್ಸ್ ಹತ್ತು ಪರ್ಸೆಂಟ್. ಮನುಷ್ಯ ನಗುವುದೇ ಇಲ್ಲ. ನನ್ನ ಕೈಯಲ್ಲಿ ಎಳೆದಾಡಿದರೆ 17 ಲಕ್ಷ.

ಈ ಮಧ್ಯೆ ಅಪ್ಪನದು ಬೇರೆಯೇ ರಾಗ. ಈ ಮನೆ ಕಟ್ಟಿದ ಮೇಸ್ತ್ರಿಯ ಮಗನೂ ಅದೇ ಕೆಲಸ ಮಾಡುತ್ತಾನೆ, ಅವನಿಗೇ ಕೊಡು ಅನ್ನುತ್ತಾರೆ. ಅವನ ಹತ್ತಿರ ಕೊಟೇಶನ್ ಕೇಳಿದರೆ "ನೋಡ್ಕೊಂಡು ಮಾಡೋಣ ಬಿಡಿ" ಅಂದ. ಇಂಥ ದೊಡ್ಡ ರಿಪೇರಿ ಮಾಡಿಸಿದವರು ದಯವಿಟ್ಟು ಅನುಭವ ಹೇಳಿ.

ಅಗ್ರಹಾರದ_ಅಕ್ಕ

ನಮ್ಮ ಕಥೆ ಕೇಳಿ, ಆಮೇಲೆ ಬೇಕಾದರೆ ಆ ಐದು ಲಕ್ಷದ ಚೆಕ್ ಬರೆಯಿರಿ.

ನಮ್ಮದು ಮಾವನವರ ಕಾಲದ ಮನೆ. ಮುಂದಿನ ಅರ್ಧ ಮದ್ರಾಸ್ ತಾರಸಿ, ಅಂದರೆ ಮರದ ತೊಲೆ ಸಾಲಾಗಿಟ್ಟು ಮೇಲೆ ಇಟ್ಟಿಗೆ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ್ದು. ಹಿಂದೆ ಹೆಂಚು. 2022ರಲ್ಲಿ ಒಬ್ಬರಿಗೆ 16 ಲಕ್ಷಕ್ಕೆ ಒಪ್ಪಿಸಿದೆವು. ಹಿಂದಿನ ಹೆಂಚು ತೆಗೆದು ಮೋಲ್ಡ್, ಅಂದರೆ ಕಾಂಕ್ರೀಟ್ ತಾರಸಿ ಹಾಕುವುದು, ಮುಂದಿನದು ಹಾಗೇ ಉಳಿಸಿಕೊಂಡು ರಿಪೇರಿ ಮಾಡುವುದು ಅಂತ ಮಾತು. ನಾಲ್ಕು ತಿಂಗಳು ಅಂದಿದ್ದರು. ಚಾಮುಂಡಿಪುರಂನಲ್ಲಿ ನಾಲ್ಕು ತಿಂಗಳಿಗೆ ಅಂತ ಹಿಡಿದ ಬಾಡಿಗೆ ಮನೆಯಲ್ಲಿ ಹನ್ನೊಂದು ತಿಂಗಳು ಇದ್ದೆವು.

ಏನಾಯಿತು ಗೊತ್ತಾ? ಒಡೆಯುವ ಕೆಲಸ ಹತ್ತೇ ದಿನದಲ್ಲಿ ಮುಗಿಯಿತು. ಅದು ಯಾವಾಗಲೂ ಬೇಗ ಆಗುತ್ತದೆ, ನೋಡೋಕೂ ಭಾರಿ ಕೆಲಸ ಆದ ಹಾಗೆ ಕಾಣುತ್ತದೆ. ಆಮೇಲೆ ಗೋಡೆಯೊಳಗೆ ಸೇರಿದ್ದ ತೊಲೆಗಳ ತುದಿ ನೋಡಿದರೆ ಗೆದ್ದಲು ತಿಂದು ಪುಡಿ ಪುಡಿ. ಕೊಟೇಶನ್‌ನಲ್ಲಿ ತೊಲೆ ಮಾತೇ ಇರಲಿಲ್ಲ. ಎಕ್ಸ್‌ಟ್ರಾ 1.8 ಲಕ್ಷ. ಕೊಟ್ಟೆವು, ಸೂರಿಲ್ಲದ ಮನೆ ಮುಂದೆ ನಿಂತುಕೊಂಡು ಚೌಕಾಸಿ ಮಾಡೋಕಾಗುತ್ತಾ? ಆಮೇಲೆ ಪ್ರತಿ ಶನಿವಾರ ಫೋನು. "ಅಕ್ಕಾ, ಇವತ್ತು ಬಟವಾಡೆ, ದುಡ್ಡಿಲ್ಲ ಅಂದ್ರೆ ಹುಡುಗರು ಊರಿಗೆ ಹೋದೋರು ವಾಪಸ್ ಬರಲ್ಲ." ಮೂವತ್ತು ಸಾವಿರ, ಐವತ್ತು ಸಾವಿರ, ಹೀಗೆ ಹೋಗುತ್ತಲೇ ಇತ್ತು, ಅರ್ಧ ಕ್ಯಾಶು, ಒಂದಕ್ಕೂ ರಸೀದಿ ಇಲ್ಲ. ಒಂದು ದಿನ ನಮ್ಮ ಸೆಂಟ್ರಿಂಗ್ ಸಾಮಾನೆಲ್ಲ (ಮೋಲ್ಡ್ ಹಾಕುವಾಗ ಕೆಳಗೆ ಆಸರೆ ಕೊಡುವ ಹಲಗೆ, ಕಂಬ) ಲಾರಿಗೆ ಹಾಕಿಕೊಂಡು ಬೇರೆ ಸೈಟಿಗೆ ಹೋದರು. ಆಗ ಬೇರೆ ಇಂಜಿನಿಯರ್ ಕರೆಸಿ ಅಳತೆ ಮಾಡಿಸಿದೆವು. ನಾವು ಕೊಟ್ಟಿದ್ದು 11 ಲಕ್ಷ, ಆಗಿದ್ದ ಕೆಲಸ ಆರೂವರೆ ಲಕ್ಷದ್ದು.

ಗ್ರಾಹಕರ ಆಯೋಗಕ್ಕೆ ಹೋಗಬಹುದು, ಅದೂ ತಿಳಿದಿರಲಿ. ಮನೆ ಕಟ್ಟಿಕೊಡುವುದೂ ಆ ಕಾಯ್ದೆಯಲ್ಲಿ ಸೇವೆಯೇ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ನಮ್ಮ ಜಿಲ್ಲಾ ಆಯೋಗದಲ್ಲೇ ಹಾಕಬಹುದು, ತೊಂದರೆ ಆದಾಗಿನಿಂದ ಎರಡು ವರ್ಷದೊಳಗೆ. 5 ಲಕ್ಷದವರೆಗಿನದಕ್ಕೆ ಫೀಸೂ ಇಲ್ಲ. ಆದರೆ ಕ್ಯಾಶ್ ಕೊಟ್ಟಿದ್ದಕ್ಕೆ ಸಾಕ್ಷಿ ಎಲ್ಲಿ ಅಂದರು ನಮ್ಮ ವಕೀಲರು. ನೋಟಿಸ್ ಕಳಿಸಿದ ಮೇಲೆ ಆತನೇ ಬಂದು 1.5 ಲಕ್ಷ ವಾಪಸ್ ಕೊಟ್ಟ, ನಮಗೂ ಸಾಕಾಗಿತ್ತು, ಬಿಟ್ಟೆವು.

ನಿಮಗೆ ನಾನು ಹೇಳುವುದು ಒಂದೇ. ಸಹಿ ಹಾಕುವ ಮೊದಲು ಎರಡು ಮೂರು ಸಾವಿರ ಖರ್ಚು ಮಾಡಿ ಮನೆಯ ಎರಡು ಕಡೆ ಒಡೆಸಿ ನೋಡಿ. ಒದ್ದೆ ಗೋಡೆ ಹತ್ತಿರ ನಾಲ್ಕು ಟೈಲ್ಸ್, ಆ ಅಡುಗೆಮನೆ ಗೋಡೆಯ ಪ್ಲಾಸ್ಟರ್ ಒಂದಡಿ. ಒಳಗೆ ಏನಿದೆ ಅಂತ ಗೊತ್ತಾಗದೆ ಯಾವನು ರೇಟು ಹೇಳಿದರೂ ಅಂಗೈಯಲ್ಲಿ ಅರಮನೆ ತೋರಿಸಿದ ಹಾಗೆ.

ರಸಮಟ್ಟ_ಮಂಡ್ಯ

ಸರ್ಕಾರಿ ಕೆಲಸದಲ್ಲಿ ಮೂವತ್ತು ವರ್ಷ ಅಳತೆ ಪುಸ್ತಕ ಬರೆದು ನಿವೃತ್ತಿ ಆದವನು, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ರೇಟಿನ ವಿಷಯ ಆಮೇಲೆ. ಆ ಗೋಡೆ ಯಾರು ತೆಗೀತೀನಿ ಅಂದವರು? 1986ರ ಮನೆ ಅಂದರೆ ಬಹುಶಃ ಪಿಲ್ಲರ್ ಇಲ್ಲ. ಕೆಳಗೆ ಸೈಜುಗಲ್ಲಿನ ಪಾಯ, ಮೇಲೆ ಇಟ್ಟಿಗೆ ಗೋಡೆ, ಗೋಡೆಯ ಮೇಲೇ ಮೋಲ್ಡು ಕೂತಿರುತ್ತದೆ. ಬಾಗಿಲಿನ ಹತ್ತಿರ ಟೇಪ್ ಹಿಡಿದು ಗೋಡೆ ದಪ್ಪ ಅಳೆಯಿರಿ. ಪ್ಲಾಸ್ಟರ್ ಸೇರಿ ಹತ್ತು ಇಂಚಿನ ಹತ್ತಿರ ಬಂದರೆ ಅದು ಒಂಬತ್ತಿಂಚಿನ ಗೋಡೆ, ಭಾರ ಹೊತ್ತಿದೆ ಅಂತಲೇ ತಿಳಿಯಿರಿ. ಐದೂವರೆ ಬಂದರೆ ನಾಲ್ಕೂವರೆ ಇಂಚಿನ ಅಡ್ಡಗೋಡೆ, ಆದರೂ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡದೆ ಸುತ್ತಿಗೆ ಎತ್ತಬೇಡಿ. ನೀವು ಕೆಳಗೆ ಗೋಡೆ ತೆಗೆದು ಅದರ ಮೇಲೇ ಹೊಸ ರೂಮಿನ ಭಾರ ಹಾಕುತ್ತಿದ್ದೀರಿ, ಅಲ್ವಾ? ಇದಕ್ಕೆ 14.5 ಲಕ್ಷದವರ ನಾಲ್ಕು ಸಾಲಿನಲ್ಲಿ ಬೀಮು ಅನ್ನುವ ಪದ ಇದೆಯಾ ನೋಡಿ. ಮೇಲಿನ ರೂಮಿಗೆ ಪಾಲಿಕೆಯಿಂದ ಪ್ಲಾನ್ ಒಪ್ಪಿಗೆಯೂ ಬೇಕು, ಅದರ ಓಡಾಟ ಯಾರದು ಅಂತ ಈಗಲೇ ಕೇಳಿ.

ಇನ್ನು ಸಾಮಾನು. ನಾನೂರು ಚದರಡಿ, ಐದಿಂಚಿನ ಸ್ಲ್ಯಾಬಿಗೆ ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿ ಲೆಕ್ಕದಲ್ಲಿ 38ರಿಂದ 40 ಮೂಟೆ ಸಿಮೆಂಟ್ ಹಿಡಿಯುತ್ತದೆ. ಮೋಲ್ಡ್ ಹಾಕುವ ದಿನ ಖಾಲಿ ಚೀಲ ಎಣಿಸಿ. ಮೂವತ್ತೇ ಇದ್ದರೆ ಕೇಳಿ. ಚೀಲದ ಮೇಲೆ ಯಾವ ವಾರ, ಯಾವ ವರ್ಷ ತಯಾರಾಗಿದ್ದು ಅಂತ ಅಚ್ಚಾಗಿರುತ್ತದೆ, ಮೂರು ತಿಂಗಳು ದಾಟಿದ್ದು ಬೇಡ. ಕಂಬಿ ತೂಕ ಹಾಕಿ ನೋಡಿ: 12 ಮೀಟರ್ ಉದ್ದದ 8 ಎಂಎಂ ಕಂಬಿ ಸುಮಾರು 4.7 ಕೆಜಿ, 12 ಎಂಎಂದು 10.6 ಕೆಜಿ ಬರಬೇಕು. ಚೂರು ಹೆಚ್ಚು ಕಡಿಮೆ ಇರಬಹುದು, ಅರ್ಧ ಕೆಜಿ ಕಡಿಮೆ ಬಂದರೆ ವಾಪಸ್ ಕಳಿಸಿ.

ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟ್ ಒಣಗದ ಹಾಗೆ ನೀರುಣಿಸುವುದು. ಇದನ್ನು ಯಾವ ಕಾಂಟ್ರಾಕ್ಟರೂ ಸರಿಯಾಗಿ ಮಾಡಲ್ಲ, ಸುಮ್ನೆ ನೀವೇ ಮಾಡಿಕೊಳ್ಳಿ. ಈಗ ಬರುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಹದಿನಾಲ್ಕು ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ನಿಮ್ಮಪ್ಪನವರಿಗೆ ಪೈಪು ಕೊಟ್ಟು ಕೂರಿಸಿ, ಅವರಿಗೂ ಹೊತ್ತು ಹೋಗುತ್ತದೆ. ಬಾತ್‌ರೂಮಿಗೂ ಅಷ್ಟೇ: ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮೊದಲು, ಎರಡು ದಿನ ನೀರು ನಿಲ್ಲಿಸಿ ಪಕ್ಕದ ಗೋಡೆ ಮುಟ್ಟಿ ನೋಡಿ. ಟೈಲ್ಸ್ ಹಾಕಿದ ಮೇಲೆ ಸೋರಿದರೆ ಯಾರನ್ನು ಹಿಡಿಯುತ್ತೀರಿ?

ಕರಣೆ_ಹಿಡಿದವನು

ಎಲ್ಲರೂ ಕಾಂಟ್ರಾಕ್ಟರ್‌ಗೇ ಬೈತಾ ಇದ್ದೀರಿ, ನಾನು ಆ ಕಡೆಯವನು. ಟಿ. ನರಸೀಪುರದ ಕಡೆಯಿಂದ ದಿನಾ ಮೈಸೂರಿಗೆ ಬಂದು ಕೆಲಸ ಮಾಡಿಸುತ್ತೇನೆ. ಅಕ್ಕಾವ್ರಿಗೆ ಆಗಿದ್ದು ತಪ್ಪೇ, ಇಲ್ಲ ಅನ್ನಲ್ಲ.

ಆದರೆ ಬಟವಾಡೆ ಸುಳ್ಳಲ್ಲ. ಶನಿವಾರ ಸಂಜೆ ಐದಕ್ಕೆ ಎಂಟು ಜನ ಕೈ ಚಾಚಿಕೊಂಡು ನಿಂತಿರುತ್ತಾರೆ. ಮನೆಯವರು "ಸ್ಲ್ಯಾಬ್ ಆಗಲಿ, ಕೊಡ್ತೀವಿ" ಅಂತಾರೆ, ಸ್ಲ್ಯಾಬ್ ತನಕ ಆರು ವಾರ ಕೂಲಿ ನನ್ನ ಜೇಬಿಂದ ಹೋಗಬೇಕು. ಎಲ್ಲಿಂದ ತರಲಿ? ಇನ್ನೊಂದು ಸೈಟಿನ ಅಡ್ವಾನ್ಸಿಂದ. ಅಲ್ಲಿಗೆ ಆ ಸೈಟು ನಿಲ್ಲುತ್ತದೆ. ಹುಡುಗರು ಎಲ್ಲಿ ದುಡ್ಡು ಬರುತ್ತೋ ಅಲ್ಲಿಗೆ ಹೋಗುತ್ತಾರೆ. ಕಾಂಟ್ರಾಕ್ಟರ್ ಮಾಯ ಆದ ಅಂತೀರಲ್ಲ, ಅರ್ಧ ಸಲ ಇದೇ ಕಥೆ.

ಇನ್ನು ಮನೆಯವರು. ಹೋದ ವರ್ಷ ವಿಜಯನಗರದಲ್ಲಿ ಒಂದು ಬಾತ್‌ರೂಮಿಗೆ ಮೂರು ಸಲ ಕಮೋಡ್ ಜಾಗ ಬದಲಾಯಿಸಿದೆ. ಮೊದಲು ವಾಸ್ತು, ಆಮೇಲೆ ಯೂಟ್ಯೂಬು, ಕೊನೆಗೆ ಮಗಳು ಅಮೆರಿಕದಿಂದ ವಿಡಿಯೊ ಕಾಲ್‌ನಲ್ಲಿ. ಲೆಕ್ಕ ಕೊಟ್ಟಾಗ "ಇದೂ ಕಾಂಟ್ರಾಕ್ಟ್ ಒಳಗೇ ಅಲ್ವಾ" ಅಂದರು.

ಸಾರ್, 14.5ಕ್ಕೆ ನಿಮ್ಮ ಕೆಲಸ ಆಗಲ್ಲ. ಅವನಿಗೂ ಗೊತ್ತು. ಒಡೆದ ಮೇಲೆ ಎಕ್ಸ್‌ಟ್ರಾ ಎಕ್ಸ್‌ಟ್ರಾ ಅಂತ 20 ದಾಟಿಸುತ್ತಾನೆ. ಒಡೆದ ಮಣ್ಣುಕಲ್ಲು ಸಾಗಿಸೋದು ಸೇರಿದೆಯಾ ಕೇಳಿ, ಸೇರಿರಲ್ಲ. ಪಕ್ಕದ ಖಾಲಿ ಸೈಟಿಗೆ ಸುರಿದರೆ ನೋಟಿಸ್ ಬರೋದು ನಿಮ್ಮ ಹೆಸರಿಗೆ.

ನಾನು ಇತ್ತೀಚೆಗೆ ಹೀಗೆ ಮಾಡುತ್ತಿದ್ದೇನೆ. ಸಿಮೆಂಟು, ಕಂಬಿ, ಟೈಲ್ಸ್, ವೈರು ಎಲ್ಲ ಮನೆಯವರೇ ಅಂಗಡಿಯಲ್ಲಿ ಅವರ ಹೆಸರಿಗೆ ಬಿಲ್ ಮಾಡಿಸಿ ತರಿಸಲಿ. ನನಗೆ ಲೇಬರ್ ಮಾತ್ರ. ಪ್ರತಿ ಶುಕ್ರವಾರ ಸಂಜೆ ಇಬ್ಬರೂ ನಿಂತು ಆ ವಾರ ಏನಾಯಿತು ಅಂತ ಅಳೆಯೋದು, ಬುಕ್ಕಲ್ಲಿ ಬರೆದು ಇಬ್ಬರೂ ಸಹಿ ಹಾಕೋದು, ಶನಿವಾರ ಅಷ್ಟಕ್ಕೆ ಮಾತ್ರ ದುಡ್ಡು, ಫೋನ್‌ಪೇನಲ್ಲಿ. ಶುರುವಿಗೆ ಒಂದು ವಾರದ ಕೂಲಿ ಅಡ್ವಾನ್ಸ್ ಕೊಟ್ಟರೆ ಸಾಕು. ಕೊನೆಗೆ ಒಂದಷ್ಟು ಹಿಡಿದಿಟ್ಟುಕೊಳ್ಳಲಿ, ಒಂದು ಮಳೆಗಾಲ ಕಳೆದ ಮೇಲೆ ಕೊಡಲಿ, ಬೇಜಾರಿಲ್ಲ. ಎಕ್ಸ್‌ಟ್ರಾ ಏನೇ ಇದ್ದರೂ ಕೈ ಹಾಕುವ ಮೊದಲು ರೇಟು ಬರೆದು ಒಪ್ಪಿಸುತ್ತೇನೆ.

ಪಾಂಡವಪುರ_ಪದ್ದಿ

ಕರಣೆ ಅಣ್ಣ ಹೇಳಿದ ಹಾಗೇ ಲೇಬರ್ ಕಾಂಟ್ರಾಕ್ಟಲ್ಲಿ ನಾನೇ ನಿಂತು ಮಾಡಿಸಿದೆ. ದುಡ್ಡು ಉಳಿಯುತ್ತೆ ನಿಜ, ಆದರೆ ಬೆಳಿಗ್ಗೆ ಒಂಬತ್ತಕ್ಕೆ "ಮೇಡಂ, ಎಲ್ಬೋ ಖಾಲಿ" ಅಂದರೆ ಸ್ಕೂಟರ್ ತೆಗೆದುಕೊಂಡು ಓಡೋದು ನೀವೇ. ಆಫೀಸ್ ಕೆಲಸ ಇರೋರಿಗೆ ಕಷ್ಟ. ಭತ್ತದ ಕೊಯ್ಲಿಗೆ ಹುಡುಗರು ಹದಿನೈದು ದಿನ ನಾಪತ್ತೆ, ಊರಹಬ್ಬಕ್ಕೆ ಇನ್ನೊಂದು ವಾರ.

ಒಂದು ಉಪಕಾರ ಮಾಡಿಕೊಳ್ಳಿ, ಪ್ಲಾಸ್ಟರ್ ಮುಚ್ಚುವ ಮೊದಲು ಪ್ರತಿ ಗೋಡೆಯ ವೈರು, ಪೈಪಿನ ಫೋಟೊ ತೆಗೆಯಿರಿ, ಪಕ್ಕದಲ್ಲಿ ಟೇಪ್ ಹಿಡಿದು. ನಮ್ಮ ಮನೇಲಿ ಕನ್ನಡಿ ಮೊಳೆ ಹೊಡೆಯೋಕೆ ಹೋಗಿ ಪೈಪಿಗೇ ತೂತು ಬಿತ್ತು. ಗೀಸರ್‌ಗೆ 4 ಚದರ ಎಂಎಂ ವೈರು, ಪ್ಲಗ್‌ಗಳಿಗೆ 2.5, ಲೈಟಿಗೆ 1.5 ಅಂತ ಅಗ್ರಿಮೆಂಟಲ್ಲೇ ಬರೆಸಿ, "ಒಳ್ಳೇ ಕಂಪನಿ ವೈರು" ಅಂತ ಬರೆದರೆ ಏನೂ ಬರೆದ ಹಾಗಲ್ಲ.

ಹೆಸರಲ್ಲೇ ಕೆಂಪು ನೆಲ ಇದೆಯಲ್ಲ, ಅದನ್ನು ಕೀಳಿಸಬೇಡಿ ಮಾರಾಯ್ರೇ. ಹಾಗೆ ಹಾಕೋ ಕೈ ಈಗ ಸಿಗಲ್ಲ. ಕೆಲಸ ನಡೆಯುವಾಗ ಮೇಲೆ ಗೋಣಿಚೀಲ ಹಾಸಿ ಜಿಪ್ಸಂ ಕಲಸಿ ಬಳಿಸಿಬಿಡಿ, ಆಮೇಲೆ ಕೆರೆದು ತೆಗೆಯಬಹುದು.

ಕೆಂಪುನೆಲ_86

ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

14.5 ಲಕ್ಷದವರಿಗೆ ಬೀಮಿನ ಬಗ್ಗೆ ಕೇಳಿ, ಎಲ್ಲ ಬಿಡಿಸಿ ಬರೆದು ಕಳಿಸಿ ಅಂದೆ. ಎರಡು ನೀಲಿ ಟಿಕ್ ಬಂತು, ಉತ್ತರ ಇವತ್ತಿಗೂ ಬಂದಿಲ್ಲ. ಟೈಲ್ಸ್ ಒಡೆಸಿ ನೋಡಿದೆವು. ಸೋರುತ್ತಿದ್ದದ್ದು ನೆಲ ಅಲ್ಲ, ಗೋಡೆಯೊಳಗಿನ ಕಬ್ಬಿಣದ ಪೈಪಿನ ಜಾಯಿಂಟು. ಹಾಗಾಗಿ ಎರಡನೇ ಬಾತ್‌ರೂಮ್ ಸದ್ಯಕ್ಕೆ ಒಡೆಯುತ್ತಿಲ್ಲ, ಅದರ ಪೈಪು ಮಾತ್ರ ಬದಲಾಯಿಸುತ್ತೇವೆ. ಅಗ್ರಹಾರದ ಅಕ್ಕ, ನಿಮ್ಮ ಮಾತಿಂದ ಲಕ್ಷದ ಮೇಲೆ ಉಳಿಯಿತು.

ಗೋಡೆ ರಸಮಟ್ಟ ಸಾರ್ ಹೇಳಿದ ಹಾಗೇ ಒಂಬತ್ತಿಂಚು. ಇಂಜಿನಿಯರ್ ಬಂದು ಪೂರ್ತಿ ತೆಗೆಯೋಕಾಗಲ್ಲ, ಬೇಕಾದರೆ ನಾಲ್ಕಡಿ ಕಿಂಡಿ ಮಾಡಬಹುದು, ಮೇಲೆ ಹೊಸ ಲಿಂಟಲ್ (ಕಿಂಡಿಯ ಮೇಲಿನ ಗೋಡೆ ಹೊರುವ ಅಡ್ಡ ತೊಲೆ) ಕೊಡಬೇಕು ಅಂದರು. ಅವತ್ತೇ ಹಳೇ ಮೇಸ್ತ್ರಿಯನ್ನು ಮಗ ಬೈಕಲ್ಲಿ ಕೂರಿಸಿಕೊಂಡು ಬಂದಿದ್ದ. ಕಣ್ಣು ಸರಿಯಾಗಿ ಕಾಣಲ್ಲ ಅವರಿಗೆ. ಗೋಡೆ ಮೇಲೆ ಕೈಯಾಡಿಸಿಕೊಂಡು ಹೋಗಿ ಒಂದು ಕಡೆ ನಿಂತು "ಇಲ್ಲಿ ಬಾಗ್ಲಿತ್ತು ಸ್ವಾಮಿ, ಮೇಲ್ಗಡೆ ಲಿಂಟ್ಲೂ ಹಾಕಿದ್ದೆ, ಕಡೇ ಗಳಿಗೇಲಿ ನಿಮ್ಮಪ್ಪಾವ್ರು ಅಡುಗೆಮನೆ ಹಾಲ್‌ಗೆ ಕಾಣ್ಬಾರ್ದು ಅಂತ ಇಟ್ಟಿಗೇಲಿ ಮುಚ್ಸುದ್ರು" ಅಂದರು. ಅಪ್ಪ ಇಲ್ಲವೇ ಇಲ್ಲ ಅಂತ ವಾದಿಸಿದರು. ಪ್ಲಾಸ್ಟರ್ ಕೆತ್ತಿಸಿದರೆ ಲಿಂಟಲ್ ಇದೆ, ಮೂರೂವರೆ ಅಡಿ ಅಗಲ. ಇಂಜಿನಿಯರ್ ನೋಡಿ, ಅದರ ಕೆಳಗಿನ ಇಟ್ಟಿಗೆ ಮಾತ್ರ ತೆಗೆಯಿರಿ, ಪಕ್ಕಕ್ಕೆ ಒಂದಿಂಚೂ ಹೋಗಬೇಡಿ ಅಂದಿದ್ದಾರೆ.

ಕೆಲಸ ಮೇಸ್ತ್ರಿ ಮಗನಿಗೇ ಕೊಡುತ್ತಿದ್ದೇನೆ, ಲೇಬರ್ ಮಾತ್ರ, ಶುಕ್ರವಾರದ ಅಳತೆ ಬುಕ್ಕಿನ ಲೆಕ್ಕದಲ್ಲಿ. "ನೋಡ್ಕೊಂಡು ಮಾಡೋಣ" ಅಂದವನನ್ನು ಕೂರಿಸಿಕೊಂಡು ನಾಲ್ಕು ಪುಟ ಬರೆಸುವಷ್ಟರಲ್ಲಿ ಎರಡು ಭಾನುವಾರ ಹೋಯಿತು. ಆ ಆರು ಪುಟದವರ ಹತ್ತಿರ ವೈರಿಂಗ್ ಮತ್ತು ಮೇಲಿನ ಸ್ಲ್ಯಾಬ್ ಡ್ರಾಯಿಂಗ್ ಮಾತ್ರ ಮಾಡಿಸುತ್ತಿದ್ದೇನೆ, ಅದಕ್ಕೆ ಅವರು ಒಪ್ಪಿದರು, ಒಂದು ಸಲ ನಕ್ಕರು ಕೂಡ. ಎಲ್ಲ ಸೇರಿ 16.8ಕ್ಕೆ ಬಂದು ನಿಂತಿದೆ, ಪಾಲಿಕೆ ಖರ್ಚು ಬಿಟ್ಟು.

ಶುರು ಯಾವಾಗ ಅನ್ನುವುದೊಂದೇ ಬಾಕಿ. ಆಷಾಢದಲ್ಲೇ ಹುಡುಗರು ಸಲೀಸಾಗಿ ಸಿಗೋದು ಅಂತಾನೆ ಮೇಸ್ತ್ರಿ ಮಗ. ಆಷಾಢದಲ್ಲಿ ಗುದ್ದಲಿ ಮುಟ್ಟಕೂಡದು ಅಂತಾರೆ ಅಮ್ಮ. ಸದ್ಯಕ್ಕೆ ಅಮ್ಮ ಮುಂದಿದ್ದಾರೆ.