‘ಖಳನಾಯಕಿ’ ಅಂದರೆ ಮುಗಿಯಿತೇ? ಮಿರಾಜ್ ಪಾತ್ರಕ್ಕೆ ಒಂದು ಪದ ಬೇಕಿದೆ

ಬಲ್ಲವರಿಗೆ ನಮಸ್ಕಾರ.

ಮಕ್ಕಳಿಗಾಗಿ ಸಿನಿಮಾ ಟಿಪ್ಪಣಿ ಬರೆಯಲು ಹೊರಟು ನಾಲ್ಕು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ. ಚಿತ್ರ ಪಿಕ್ಸಾರ್‌ನ ‘ದಿ ಇನ್‌ಕ್ರೆಡಿಬಲ್ಸ್’ (2004, ನಿರ್ದೇಶನ ಬ್ರಾಡ್ ಬರ್ಡ್). ಅದರಲ್ಲಿ ಮಿರಾಜ್ ಎಂಬವಳು ಬರುತ್ತಾಳೆ. ಬೆಳ್ಳಿಗೂದಲು, ಕಡ್ಡಿಯಂಥ ಮೈ, ತಗ್ಗಿದ ದನಿ. ನಿವೃತ್ತ ಸೂಪರ್‌ಹೀರೋ ಬಾಬ್‌ನಿಗೆ ಗುಟ್ಟಿನ ಕರೆ ಕಳಿಸಿ ದ್ವೀಪಕ್ಕೆ ಕರೆಸಿಕೊಳ್ಳುವವಳು ಅವಳೇ. ಅವನಿಗಿಂತ ಮೊದಲು ಬಂದ ಎಷ್ಟೋ ಸೂಪರ್‌ಹೀರೋಗಳು ಅಲ್ಲಿಂದ ಮರಳಿಲ್ಲ. ಹಾಗಾಗಿ ಕರಡಿನಲ್ಲಿ ‘ಖಳನಾಯಕಿ ಮಿರಾಜ್’ ಎಂದು ಬರೆದೆ. ಮಗಳು ಓದಿ, ‘ಅಮ್ಮಾ, ವಿಲನ್ ಅವಳಲ್ಲ, ಅವಳ ಬಾಸು’ ಅಂದಳು.

ಸರಿಯೇ. ಬಾಸು ಅಂದರೆ ಸಿಂಡ್ರೋಮ್. ಆದರೆ ಅವಳ ಮಾತಿನಿಂದ ನನಗೆ ಸಮಾಸವೇ ಅನುಮಾನಕ್ಕೆ ಬಂತು. ‘ಖಳನಾಯಕಿ’ಯನ್ನು ಬಿಡಿಸುವುದು ಹೇಗೆ? ಖಳಳೂ ನಾಯಕಿಯೂ ಆದವಳು ಎಂದರೆ ಕರ್ಮಧಾರಯ. ಖಳನ ನಾಯಕಿ ಎಂದರೆ ತತ್ಪುರುಷ. ನಾವು ಮೊದಲ ಅರ್ಥದಲ್ಲೇ ಬಳಸುವುದು, ಆದರೆ ಮಿರಾಜ್‌ಗೆ ಹೊಂದುವುದು ಎರಡನೆಯದು! ಇನ್ನು ಸಿನಿಮಾ ಪುಟಗಳಲ್ಲಿ ‘ಖಳನಟಿ’ ಎಂದೂ ಬರೆಯುತ್ತಾರೆ. ಅದು ಪಾತ್ರ ಮಾಡುವವರಿಗೆ ಸಲ್ಲುವ ಮಾತು. ಅನಿಮೇಷನ್ ಚಿತ್ರದಲ್ಲಿ ತೆರೆಯ ಮೇಲೆ ನಟಿಯೇ ಇಲ್ಲ, ಇರುವುದು ದನಿ ಮಾತ್ರ. ಮಿರಾಜ್‌ಗೆ ದನಿ ಕೊಟ್ಟವರು ಎಲಿಜಬೆತ್ ಪೆನ್ಯಾ. ಅವರನ್ನು ಖಳನಟಿ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

‘ಪ್ರತಿನಾಯಕಿ’ ಎಂದರಾಗದೇ ಎಂದು ಗೆಳತಿಯೊಬ್ಬಳು ಕೇಳಿದಳು. ಪ್ರತಿನಾಯಕನಿಗೆ ಕಾವ್ಯಮೀಮಾಂಸೆಯಲ್ಲಿ ಗಟ್ಟಿ ಜಾಗವಿದೆ, ರಾವಣ ದುರ್ಯೋಧನರೆಲ್ಲ ಆ ಮನೆಯವರೇ. ಸ್ತ್ರೀಲಿಂಗಕ್ಕೆ ಬಂದಾಗ ಮಾತ್ರ ಪದ ಜಾರುತ್ತದೆ. ‘ಪ್ರತಿನಾಯಿಕಾ’ ಅಂದರೆ ನಾಯಿಕೆಗೆ ಪ್ರೇಮದಲ್ಲಿ ಎದುರಾಳಿ. ರಾಧೆಗೆ ಚಂದ್ರಾವಳಿ ಇದ್ದ ಹಾಗೆ, ಹೆಚ್ಚುಕಡಿಮೆ ಸವತಿಯ ಸ್ಥಾನ. ಬಾಬ್ ಮಿರಾಜ್‌ಳನ್ನು ಅಪ್ಪಿಕೊಂಡದ್ದನ್ನು ಕಂಡ ಹೆಂಡತಿ ಹೆಲೆನ್, ಹಿಂದುಮುಂದು ಕೇಳದೆ ಅವಳಿಗೊಂದು ಗುದ್ದು ಕೊಡುವ ದೃಶ್ಯವೇನೋ ಇದೆ. ಆದರೆ ಪಾತ್ರ ಅಷ್ಟಕ್ಕೇ ಇರುವುದಲ್ಲ.

ನನಗೆ ಮುಖ್ಯವಾದದ್ದು ಅದಕ್ಕೂ ಹಿಂದಿನ ಗಳಿಗೆ. ದ್ವೀಪದತ್ತ ಬರುತ್ತಿರುವ ವಿಮಾನಕ್ಕೆ ಸಿಂಡ್ರೋಮ್ ಕ್ಷಿಪಣಿ ಬಿಡುತ್ತಾನೆ. ಒಳಗೆ ಮಕ್ಕಳಿದ್ದಾರೆ ಎಂದು ಹೆಲೆನ್ ರೇಡಿಯೋದಲ್ಲಿ ಕೂಗುತ್ತಾಳೆ. ಮಿರಾಜ್ ಮುಖ ಬದಲಾಗುತ್ತದೆ. ಆಮೇಲೆ ಬಾಬ್ ಅವಳನ್ನು ಹಿಡಿದು ಹಿಸುಕುತ್ತೇನೆ ಎಂದಾಗ ಸಿಂಡ್ರೋಮ್ ‘ಹಿಸುಕು’ ಅನ್ನುವ ಧಾಟಿಯಲ್ಲಿ ನಿಲ್ಲುತ್ತಾನೆ, ಕೈಬಿಡುವವನು ಬಾಬ್. ಜೂಜಾಡುವುದಿದ್ದರೆ ಇನ್ನು ಮುಂದೆ ನಿನ್ನ ಜೀವವನ್ನೇ ಪಣಕ್ಕಿಡು ಎಂದು ಅವಳು ತನ್ನ ಒಡೆಯನಿಗೆ ಹೇಳಿ ಹೋಗುತ್ತಾಳೆ. ಕೊನೆಗೆ ಬಾಬ್‌ನನ್ನು ಸೆರೆಯಿಂದ ಬಿಡಿಸುವವಳೂ ಅವಳೇ.

ಈ ಮನಸ್ಸಿನ ಸ್ಥಿತಿಗೆ ಏನನ್ನೋಣ? ‘ಧರ್ಮಸಂಕಟ’ ಎಂದು ಬರೆದು ಹೊಡೆದುಹಾಕಿದೆ. ಎರಡು ಕಡೆಯೂ ಧರ್ಮವೇ ನಿಂತು ಎಳೆಯುವಾಗ ಧರ್ಮಸಂಕಟ. ಇಲ್ಲಿ ಒಂದು ಕಡೆ ಇರುವುದು ಬರೀ ಸಂಬಳ. ‘ದ್ವಂದ್ವ’ ತೀರಾ ಪಠ್ಯಪುಸ್ತಕದ್ದು. ‘ಹೊಯ್ದಾಟ’ದಲ್ಲಿ ಅತ್ತಿಂದಿತ್ತ ತೂಗುವ ಚಿತ್ರವಿದೆ, ಮಿರಾಜ್ ಅಷ್ಟು ಹೊತ್ತು ತೂಗುವುದಿಲ್ಲ. ‘ಅಳುಕು’ ಹತ್ತಿರ ಬಂತು, ಆದರೆ ಅದರೊಳಗೆ ಅಂಜಿಕೆಯೂ ಸೇರಿಕೊಂಡಿದೆ. ಓದುವ ಮಗು ಅವಳನ್ನು ಪುಕ್ಕಲಿ ಅಂದುಕೊಂಡೀತು. ‘ಕರುಳು ಚುರ್ ಎಂದಿತು’ ಎಂದು ಬರೆದಾಗ ವಾಕ್ಯ ಎದ್ದು ಕೂತಿತು ನಿಜ. ಮರುಕ್ಷಣ ಅನಿಸಿತು: ಇದೇ ಪಾತ್ರ ಗಂಡಸಾಗಿದ್ದರೆ ‘ಮನಸ್ಸಾಕ್ಷಿ ಚುಚ್ಚಿತು’ ಅನ್ನುತ್ತಿದ್ದೆನಲ್ಲವೇ? ಹೆಣ್ಣೆಂದ ಕೂಡಲೇ ಕರುಳು, ಗಂಡೆಂದರೆ ಮನಸ್ಸಾಕ್ಷಿ. ಈ ಹಂಚಿಕೆ ಮಾಡಿದವರು ಯಾರೋ!

ಪತ್ರಿಕೆಯವರು ಬಳಸುವ ‘ಗ್ರೇ ಶೇಡ್’ ನನಗೆ ಬೇಡ. ಅದನ್ನು ‘ಬೂದುಬಣ್ಣದ ಪಾತ್ರ’ ಎಂದರೆ ಇನ್ನೂ ಕೆಡುತ್ತದೆ, ನಮ್ಮಲ್ಲಿ ಬೂದಿ ವಿಭೂತಿಯ ಕಡೆಗೋ ಒಲೆಯ ಕಡೆಗೋ ಎಳೆಯುತ್ತದೆಯೇ ಹೊರತು ಒಳ್ಳೆಯದು ಕೆಟ್ಟದ್ದರ ನಡುವಿಗಲ್ಲ.

ಯಕ್ಷಗಾನದವರ ‘ಹೆಣ್ಣುಬಣ್ಣ’ವೂ ನೆನಪಾಯಿತು. ಶೂರ್ಪನಖಿ, ತಾಟಕಿಯರ ವೇಷ ಅದು, ಅಬ್ಬರವೇ ಅದರ ಜೀವ. ಅದೇ ಶೂರ್ಪನಖಿ ಮೋಹಿಸಲು ಬರುವಾಗ ಮಾಯಾ ಶೂರ್ಪನಖಿಯಾಗಿ ಸ್ತ್ರೀವೇಷಕ್ಕೆ ತಿರುಗುತ್ತಾಳೆ. ಮಿರಾಜ್ ಎಂಬ ಹೆಸರಿಗೇ ಮರೀಚಿಕೆ, ಬಿಸಿಲ್ಗುದುರೆ ಎಂಬ ಅರ್ಥವಿರುವುದರಿಂದ ಈ ‘ಮಾಯಾ’ ಹೊಂದುತ್ತದೆ ಅನಿಸಿತು. ಆದರೆ ಅವಳಿಗೆ ನಿಜವಾಗಿ ನಂಟಿರುವುದು ಮಾರೀಚನ ಜೊತೆ. ಮರೀಚಿಕೆ–ಮಾರೀಚ ಎಂಬ ದನಿಯ ಹೋಲಿಕೆಯನ್ನು ಬದಿಗಿಡಿ. ಬೇಡ ಎಂದು ರಾವಣನಿಗೆ ಬುದ್ಧಿ ಹೇಳಿ, ಕೇಳದಿದ್ದಾಗ ಅವನ ಕೆಲಸಕ್ಕೇ ಜಿಂಕೆಯಾಗಿ ಹೊರಟವನು ಅವನು. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಸಿಕ್ಕರೆ ಆ ಸಂವಾದವನ್ನು ಎಷ್ಟು ಹೊತ್ತಾದರೂ ಕೇಳಬಹುದು. ಅವನನ್ನೂ ನಾವು ಖಳ ಅನ್ನುವುದಿಲ್ಲ, ‘ಮಾರೀಚ’ ಅಂದು ಸುಮ್ಮನಾಗುತ್ತೇವೆ. ಪದ ಇಲ್ಲದೆಯೇ ಕೆಲಸ ನಡೆದಿದೆ.

ಹೋಲಿಕೆಗೆ ಎರಡನೆಯ ಚಿತ್ರದ (2018) ಎವೆಲಿನ್ ಡೆವರ್‌ಳನ್ನು ನೋಡಿ. ಮನೆಗೆ ಕಳ್ಳರು ನುಗ್ಗಿದಾಗ ಅವಳ ಅಪ್ಪ ಅಡಗಿಕೊಳ್ಳುವ ಬದಲು ಸೂಪರ್‌ಹೀರೋಗಳಿಗೆ ಫೋನ್ ಮಾಡುತ್ತ ನಿಂತು ಸತ್ತ. ಅವರನ್ನು ನಂಬಿದ್ದೇ ತಪ್ಪು ಎಂಬುದು ಅವಳ ವಾದ. ಹೆಲೆನ್ ಕೊನೆಗೆ ಅವಳ ಜೀವ ಉಳಿಸಿದರೂ ಮಣಿಯುವುದಿಲ್ಲ. ಇವಳಲ್ಲಿ ನೋವಿದೆ, ಹಠವಿದೆ, ಹೊಯ್ದಾಟ ನನಗೆ ಕಾಣಲಿಲ್ಲ. ಇವಳನ್ನು ಯಾವ ಅಡ್ಡಿಯೂ ಇಲ್ಲದೆ ಖಳನಾಯಕಿ ಅನ್ನಬಹುದು. (ಇವಳು ಪರದೆಯ ಮೂಲಕ ಜನರನ್ನು ವಶ ಮಾಡಿಕೊಳ್ಳುತ್ತಾಳೆ. ‘ಅನಿಮೇಷ’ ಅಂದರೆ ರೆಪ್ಪೆ ಬಡಿಯದ್ದು ಎಂದು ಬಲ್ಲವರು ಇಲ್ಲಿ ನಗಬಹುದು.)

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಕೆಟ್ಟವನ ಕೈಕೆಳಗೆ ದುಡಿಯುತ್ತ, ಒಂದು ಹಂತದಲ್ಲಿ ‘ಇದು ನನ್ನಿಂದಾಗದು’ ಎಂದು ತಿರುಗುವವರಿಗೆ ನಿಮ್ಮ ಕಡೆ ಆಡುಮಾತಿನಲ್ಲಿ ಏನಾದರೂ ಹೆಸರಿದೆಯೇ? ಧಾರವಾಡ, ಕಲಬುರಗಿ ಕಡೆಯವರು, ಕುಂದಾಪುರದವರು ದಯವಿಟ್ಟು ಹೇಳಿ. ‘ಬಲಗೈ ಬಂಟ’ನಿಗೆ ಕಿವಿಗೆ ಒಪ್ಪುವ ಸ್ತ್ರೀಲಿಂಗ ರೂಪವಿದ್ದರೆ ಅದೂ ಬೇಕು. ‘ಪಕ್ಷಾಂತರಿ’ ಅನ್ನಬೇಡಿ, ಅದನ್ನು ರಾಜಕಾರಣಿಗಳು ಯಾರಿಗೂ ಉಳಿಸಿಲ್ಲ.

ಸದ್ಯಕ್ಕೆ ಕರಡಿನಲ್ಲಿ ‘ಖಳನ ಬಲಗೈಯಾಗಿದ್ದ ಮಿರಾಜ್’ ಎಂದಿಟ್ಟಿದ್ದೇನೆ. ‘ಹಾಗಾದರೆ ಎಡಗೈ ಯಾರು?’ ಎಂದು ಮಗಳು ಬೆಳಗ್ಗೆಯಿಂದ ಕೇಳುತ್ತಿದ್ದಾಳೆ.