ಅಪ್‌ಡೇಟ್: ಮಲ್ಲಿಯ ಔಷಧಿ ಡಬ್ಬ

ನನ್ನ ಮೊಲ ಮಲ್ಲಿಗೆಂದು ಪ್ರಥಮ ಚಿಕಿತ್ಸೆಯ ಡಬ್ಬದಲ್ಲಿ ಏನೇನು ಇಡಬೇಕೆಂದು ಕಳೆದ ತಿಂಗಳು ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಡಬ್ಬ ಸಿದ್ಧವಾಯಿತು, ಮೊನ್ನೆ ಉಪಯೋಗಕ್ಕೂ ಬಂತು. ಉಗುರು ಕತ್ತರಿಸುವಾಗ ಮಲ್ಲಿ ಕಾಲು ಜಾಡಿಸಿದಳು. ಕತ್ತರಿ ರಕ್ತನಾಳಕ್ಕೆ ತಗುಲಿ ಬಿಳಿ ಟವೆಲ್ ತುಂಬ ಕೆಂಪು ಚುಕ್ಕೆಗಳು. ಚಿಟಿಕೆ ಕಾರ್ನ್‌ಫ್ಲೋರ್ ಇಟ್ಟು ಒತ್ತಿ ಹಿಡಿದೆ, ಕೆಲವೇ ನಿಮಿಷಗಳಲ್ಲಿ ರಕ್ತ ನಿಂತಿತು. ನನ್ನ ಕೈನಡುಕ ನಿಲ್ಲಲು ಇನ್ನೂ ಹೊತ್ತು ಬೇಕಾಯಿತು.

ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಸಲೈನ್, ಸೂಜಿಯಿಲ್ಲದ ಸಿರಿಂಜ್, ಡಿಜಿಟಲ್ ಥರ್ಮಾಮೀಟರ್ ಒಳಗಿವೆ. ನಾಯಿಯ ಮೈಮೇಲಿನ ಉಣ್ಣಿ ಸಾಯಿಸಲು ತಂದಿದ್ದ ಫಿಪ್ರೊನಿಲ್ ಔಷಧಿ ಮಾತ್ರ ಬೇರೆ ಕಪಾಟಿಗೆ ಹೋಯಿತು. ಅದು ಮೊಲಕ್ಕೆ ವಿಷ. ಮೊಲ 12 ಗಂಟೆ ಕಾಲ ಹುಲ್ಲು ಮುಟ್ಟದೆ, ಹಿಕ್ಕೆ ಹಾಕದೆ ಕುಳಿತರೆ ಡಬ್ಬ ಹುಡುಕದೆ ನೇರ ಪಶುವೈದ್ಯರ ಬಳಿ ಓಡಬೇಕು ಎಂದಿರಲ್ಲ, ಅದಕ್ಕೇ ಅವರ ನಂಬರನ್ನು ಮುಚ್ಚಳದೊಳಗೆ ಅಂಟಿಸಿದ್ದೇನೆ. ಅರ್ಧ ಚೀಟಿಯನ್ನು ಮಲ್ಲಿ ಆಗಲೇ ತಿಂದಿದ್ದಾಳೆ.