ಲಾಕ್ ನಟ್ ಬರವಲ್ದು ಅಂದ್ರ ಮೊದಲು ಕೀ ಹಲ್ಲು ಉಳಿಸ್ರಿ

ಕಾಕಾ, ನಮಸ್ಕಾರ್ರಿ. ನಿಮ್ಮ ಮೆಸೇಜೂ ಕೇಳ್ದೆ, ಫೋಟೊನೂ ನೋಡ್ದೆ. ಕ್ರೆಟಾ ಕಾರಿಂದು ಎಡಗಡಿ ಹಿಂದಿನ ಗಾಲಿ ಪಂಕ್ಚರ್, ಸಾದಾ ನಟ್ ನಾಕೂ ಸಡ್ಲ ಆಗ್ಯಾವ, ಹೊರಗ ಹಾಕಿಸಿದ ಲಾಕ್ ನಟ್ (ಗಾಲಿ ಕಳುವು ಆಗಬಾರದಂತ ಹಾಕೋದು, ಅದರದೇ ಕೀ ಹಚ್ಚಿ ಬಿಚ್ಚಬೇಕು) ಒಂದೇ ಬರವಲ್ದು, ಕೀ ಹಚ್ಚಿ ತಿರುವಿದ್ರ ಟಕ್ ಅಂತ ಜಾರಲಕತ್ತದ. ಹೌದಲ್ರಿ? ಹಂಗಿದ್ರ ಈಗ ಪಾನಾ ಕೆಳಗಿಡ್ರಿ. ಇನ್ನೊಂದ್ಸಲ ಜೋರು ಹಾಕಬ್ಯಾಡ್ರಿ. ಕೀ ಒಳಗಿನ ಹಲ್ಲು ಭಾಳ ಸಣ್ಣವು, ಜಾರಿದಾಗೊಮ್ಮೆ ಅದರ ಅಂಚೂ ಹೋಗ್ತದ, ನಟ್ಟಿನ ಅಂಚೂ ಹೋಗ್ತದ. ಹಲ್ಲು ಇರೋತನಕ ಇದು ಮನಿ ಅಂಗಳದಾಗ ಮುಗಿಯೋ ಕೆಲಸ. ಹಲ್ಲು ಹೋದ್ರ ಹತೋಡಿ ಕೆಲಸ ಆಗ್ತದ. ಉಳಿದವರೂ ಕೇಳ್ರಿ, ಲಾಕ್ ನಟ್ ಇರೋ ಗಾಡಿ ನಮ್ಮೊಳಗ ಇನ್ನಾ ಅವ.

ಮೊದಲನೇ ಕೆಲಸ, ಸಡ್ಲ ಮಾಡಿದ ನಾಕೂ ಸಾದಾ ನಟ್ ಹೊಳ್ಳಿ ಬಿಗಿ ಮಾಡ್ರಿ. ವಿಚಿತ್ರ ಅನಸ್ತದ, ಖರೆ ಇಲ್ಲೇ ಅರ್ಧ ಕೆಲಸ ಅದ. ಉಳಿದ ನಟ್ ಸಡ್ಲ ಆದಾಗ ಗಾಲಿ ಹಿಡಿದಿಟ್ಟ ಭಾರ ಎಲ್ಲಾ ಆ ಒಂದೇ ಲಾಕ್ ನಟ್ಟಿನ ಮ್ಯಾಲ ಬರ್ತದ, ಗಾಲಿ ಒಂದೀಟು ವಾಲ್ತದ, ನಟ್ಟಿನ ಇಳಿಜಾರು ಬುಡ ಅಲಾಯ್ ಗಾಲಿ ತೂತಿನಾಗ ಕಚ್ಚಿಕೊಂಡು ಕೂಡ್ತದ. ಅದಕ್ಕ ಬಿಚ್ಚೋವಾಗ ಲಾಕ್ ನಟ್ ಎಲ್ಲಕ್ಕಿಂತ ಮೊದಲು, ಹಾಕೋವಾಗ ಎಲ್ಲಕ್ಕಿಂತ ಕಡಿಗಿ. ಸಾದಾ ನಟ್ ಬಿಗಿ ಮಾಡಿದ ಮ್ಯಾಲ ಲಾಕ್ ನಟ್ಟಿನ ಭಾರ ಹಂಚಿಹೋಗ್ತದ, ಎಷ್ಟೋ ಸಲ ಅಷ್ಟಕ್ಕೇ ಬಿಟ್ಟುಕೊಡ್ತದ.

ಜಾಕ್ ಹಚ್ಚಿದ್ರ ಇಳಿಸ್ರಿ. ನಟ್ ಒಂದು ಸುತ್ತು ಸಡ್ಲ ಆಗೋತನಕ ಗಾಲಿ ನೆಲದ ಮ್ಯಾಲೇ ಇರಬೇಕು, ಪಂಕ್ಚರ್ ಆಗಿದ್ರೂ ನಡೀತದ. ಹ್ಯಾಂಡ್‌ಬ್ರೇಕ್ ಎಳೀರಿ, ಗೇರ್ ಹಾಕ್ರಿ, ಮುಂದಿನ ಗಾಲಿಗಿ ಎರಡೂ ಕಡಿ ಕಲ್ಲು ಕೊಡ್ರಿ. ನಿಮ್ಮ ಅಂಗಳಕ್ಕ ಶಹಾಬಾದ್ ಫರಸಿ ಅದ ಅಲಾ, ಆಮ್ಯಾಲ ಜಾಕ್ ಹಚ್ಚೋವಾಗ ಅದರ ಮ್ಯಾಲ ಹಂಗೇ ಇಡಬ್ಯಾಡ್ರಿ. ಫರಸಿ ನುಣುಪು, ಮ್ಯಾಲ ಎಣ್ಣಿ ಬಿದ್ದಿದ್ರ ಜಾಕಿನ ಬುಡ ಸರೀತದ, ಕೆಳಗ ಟೊಳ್ಳಿದ್ರ ಫರಸಿನೇ ಒಡೀತದ. ಒಂದು ದಪ್ಪ ಹಲಗಿ ಇಟ್ಟು ಅದರ ಮ್ಯಾಲ ಜಾಕ್ ಇಡ್ರಿ.

ಈಗ ಸ್ವಚ್ಛ ಮಾಡೋದು. ಇದನ್ನ ಯಾರೂ ಮನಸಿಟ್ಟು ಮಾಡಂಗಿಲ್ಲ, ಕೀ ಜಾರೋದು ಮಾತ್ರ ಹೆಚ್ಚಿಗಿ ಇದರಿಂದೇ. ನಟ್ಟಿನ ಮುಖದ ಮ್ಯಾಲ ಕೊರೆದ ಸಂದಿನಾಗ ನಮ್ಮ ಎರಿ ಮಣ್ಣು ಹೊಕ್ಕು ಒಣಗಿತು ಅಂದ್ರ ಇಟ್ಟಂಗಿ ಆದಂಗ ಆಗ್ತದ. ಸೇಡಂ, ಮಳಖೇಡ, ವಾಡಿ ಕಡಿ ಓಡಾಡೋ ಗಾಡಿ ಆದ್ರ ಸಿಮೆಂಟ್ ಧೂಳು ಮಳಿ ನೀರಿನಾಗ ಕಲಿತು ಗಟ್ಟಿಯಾಗಿ ಕೂತಿರ್ತದ. ಮೊಬೈಲ್ ಟಾರ್ಚ್ ಹಚ್ಚಿ ನೋಡ್ರಿ. ದಬ್ಬಳ ಇಲ್ಲಾ ಗಟ್ಟಿ ಸೂಜಿ ತೊಗೊಂಡು ಆ ಸಂದಿನ ತಳತನಕ ಕೆರೀರಿ, ಹಳೆ ಹಲ್ಲುಜ್ಜೋ ಬ್ರಶ್ ತೊಗೊಂಡು ತಿಕ್ಕ್ರಿ, ಗಾಳಿ ಊದ್ರಿ. ಕೀ ಒಳಗೂ ಹಂಗೇ. ಆಮ್ಯಾಲ ಕೀ ಕೂಡಿಸಿ ನೋಡ್ರಿ: ನಟ್ಟಿನ ಮುಖಕ್ಕ ಕೀ ಪೂರಾ ಆತುಕೊಂಡು ಕೂಡಬೇಕು, ಅಲ್ಲಾಡಿಸಿದ್ರ ಗಡಗಡ ಅನಬಾರದು. ಒಂದು ಉಗುರಿನಷ್ಟು ಎದ್ದು ನಿಂತಿದ್ರೂ ಹಲ್ಲಿನ ತುದಿಯಷ್ಟೇ ಹಿಡ್ಕೊಂಡದ ಅಂತ ಅರ್ಥ, ಜಾರೇ ಜಾರ್ತದ. ಕೂತ ಮ್ಯಾಲ ಹತೋಡಿಲೆ ಕೀ ಬೆನ್ನಿಗಿ ಹಗೂರ ಎರಡು ಏಟು ಕೊಡ್ರಿ.

ಎಣ್ಣಿ ವಿಚಾರ ವೈನಿ ಕೇಳ್ಯಾರ, ಚಿಮಣಿ ಎಣ್ಣಿ ನಡೀತದೇನು ಅಂತ. ನಡೀತದ್ರಿ ವೈನಿ, ತೆಳು ಇರ್ತದ, ಒಳಗ ಇಳೀತದ, ಖರೆ ನಿಧಾನ. ಡಬ್ಲ್ಯುಡಿ-40 ಇಲ್ಲಾ ಯಾವುದರ ಜಂಗು ಬಿಡಿಸೋ ಸ್ಪ್ರೇ ಸಿಕ್ರ ಅದೇ ಛಲೋ, ಅದರ ಸಣ್ಣ ನಳಿಗಿಲೆ ನಟ್ಟಿನ ಬುಡಕ್ಕೇ ಹೊಡೀಬಹುದು. ಅಡಗಿ ಎಣ್ಣಿ ಮಾತ್ರ ಬ್ಯಾಡ, ಅದು ದಪ್ಪ, ಥ್ರೆಡ್ ಒಳಗ ಹೋಗಂಗೇ ಇಲ್ಲ. ನಟ್ ಗಾಲಿಗಿ ತಾಗೋ ಬುಡದ ಸುತ್ತ ಹೊಡೀರಿ, ಕಮ್ಮಿ ಅಂದ್ರ ಅರ್ಧ ತಾಸು ಬಿಡ್ರಿ, ರಾತ್ರಿ ಹೊಡೆದು ಮುಂಜಾನಿ ತಿರುವಿದ್ರ ಇನ್ನಾ ಬೇಸಿ. ಭಾಳ ಹೊಡೆದು ಒಳಗ ಬ್ರೇಕಿನ ಡಿಸ್ಕಿಗಿ, ಡ್ರಮ್ಮಿಗಿ ಹರಿಸಬ್ಯಾಡ್ರಿ, ಬ್ರೇಕ್ ಹಿಡಿಯಂಗಿಲ್ಲ. ಕೀ ಕೂಡೋ ಮುಖದ ಮ್ಯಾಲ ಎಣ್ಣಿ ಇರಲೇಬಾರದು, ಅರಿವಿಲೆ ಒಣಗಂಗ ಒರಸ್ರಿ. ಹಲ್ಲು ಒಂದೀಟು ಸವೆದಿದ್ರ ಸ್ಪೇರ್ ಅಂಗಡ್ಯಾಗ ವಾಲ್ವ್ ಉಜ್ಜೋ ಪೇಸ್ಟ್ ಸಿಗ್ತದ, ಉಸುಕು ಉಸುಕು ಇರ್ತದ, ಅದನ್ನ ಕೀ ಹಲ್ಲಿಗಿ ಹಚ್ಚಿದ್ರ ಹಿಡಿತ ಬರ್ತದ.

ತಿರುವೋದಕ್ಕ ಗಾಡಿ ಜೋಡಿ ಬಂದ ಗಿಡ್ಡ ಪಾನಾ ಸಾಲಂಗಿಲ್ಲ. ಅರ್ಧ ಇಂಚಿನ ಚೌಕ ತಲಿ ಇರೋ 60 ಸೆಂಟಿಮೀಟರ್ ಬ್ರೇಕರ್ ಬಾರ್, ಅಂದ್ರ ಉದ್ದ ಹಿಡಿಕಿ ಪಾನಾ ಬೇಕು, ಅದಕ್ಕ ಕೀ ಬೆನ್ನಿಗಿ ಕೂಡೋ ಸಾಕೆಟ್, 19 ಇಲ್ಲಾ 21 ಮಿಲಿಮೀಟರ್, ಹಚ್ಚಿ ನೋಡ್ರಿ. ಲೆಕ್ಕ ಹಿಂಗದ: ಕಂಪನಿ ಬಿಗಿತ ಈ ಗಾತ್ರದ ಗಾಡಿಗಿ ಸಾಧಾರಣ 100ರಿಂದ 120 ನ್ಯೂಟನ್ ಮೀಟರ್ ಆಸುಪಾಸು. 60 ಸೆಂಟಿಮೀಟರ್ ಬಾರಿನ ತುದಿಗಿ 20 ಕಿಲೋ ಒತ್ತಿದ್ರ ಅಷ್ಟು ಜೋರು ಬರ್ತದ. 30 ಸೆಂಟಿಮೀಟರ್ ಪಾನಾಕ್ಕ ಅದೇ ಜೋರಿಗಿ 40 ಕಿಲೋ ಒತ್ತಬೇಕು, ಅದಕ್ಕೇ ಜನ ಕಾಲಿಲೆ ಒದೀತಾರ, ಕೀ ಒಡೀತದ. ಟೈರ್ ಅಂಗಡ್ಯಾಗ ಗಾಳಿ ಗನ್ನಿಲೆ ಟರ್ ಅಂತ ಬಿಗಿದಿದ್ರ ಅದು ಲೆಕ್ಕದ ಎರಡು ಪಟ್ಟು ಬಿಗಿ ಇರಬಹುದು. ಹೆಚ್ಚಿನ ಲಾಕ್ ನಟ್ ಸಿಕ್ಕಿಬೀಳೋದು ಜಂಗಿನಿಂದ ಅಲ್ರಿ, ಆ ಗನ್ನಿನಿಂದ.

ಇಬ್ಬರು ಬೇಕು. ಒಬ್ಬರು ಕೀ ತಲಿಮ್ಯಾಲ ಅಂಗೈ ಇಟ್ಟು ಗಾಲಿ ಕಡಿ ಒತ್ತಿ ಹಿಡೀಬೇಕು, ಬಾರ್ ನಟ್ಟಿಗಿ ನೆಟ್ಟಗ ಇರಬೇಕು. ನಡುವ ಎಕ್ಸ್‌ಟೆನ್ಷನ್ ರಾಡ್ ಹಾಕಿದ್ರ ಅದರ ಕೆಳಗ ಇಟ್ಟಂಗಿ ಪೇರಿಸಿ ಆಸರ ಕೊಡ್ರಿ. ಬಾರಿನ ಭಾರಕ್ಕ ಕೀ ವಾಲಿತು ಅಂದ್ರ ಎಲ್ಲಾ ಹಲ್ಲೂ ಹಿಡಿಯೋ ಬದಲಿ ಎರಡೋ ಮೂರೋ ಹಿಡೀತಾವ, ಅವೇ ಮುರೀತಾವ. ಇನ್ನೊಬ್ಬರು ಮೊದಲು ಒಂದು ಕೂದಲೆಳಿಯಷ್ಟು ಬಿಗಿ ಕಡಿ, ಅಂದ್ರ ಬಲಕ್ಕ ಒತ್ರಿ, ಜಂಗಿನ ಕಟ್ಟು ಒಡೀತದ. ಆಮ್ಯಾಲ ಎಡಕ್ಕ. ಜಗ್ಗಬ್ಯಾಡ್ರಿ, ಜಿಗಿಬ್ಯಾಡ್ರಿ, ಮೈಭಾರ ನಿಧಾನ ಕೊಡ್ತಾ ಹೋಗ್ರಿ. ಕಿರ್ರ್ ಅಂತ ಒಂದು ಸಪ್ಪಳ ಬಂದ್ರ ಗೆದ್ದಿರಿ, ಅದು ನಟ್ ಬಿಟ್ಟ ಸಪ್ಪಳ. ಟಕ್ ಅಂದ್ರ ಜಾರಿದ್ದು, ತಕ್ಷಣ ನಿಲ್ರಿ. ಏನೂ ಸಪ್ಪಳ ಇಲ್ಲದ ರಬ್ಬರಿನಂಗ ಮೆತ್ತಗ ತಿರುಗಿದ್ರ ಸ್ಟಡ್ಡೇ, ಅಂದ್ರ ನಟ್ ಕೂಡೋ ಥ್ರೆಡ್ ಸಳಿನೇ, ತಿರುಚಲಕತ್ತಿರಬಹುದು, ಆಗೂ ನಿಲ್ರಿ.

ತಮ್ಮಾ, ನಟ್ ಕಾಸಲಕ್ಕ ನೀ ಹೇಳಿದ ಗ್ಯಾಸ್ ಟಾರ್ಚ್ ಮನ್ಯಾಗ ಬ್ಯಾಡಪಾ. ಅಲಾಯ್ ಬಣ್ಣ ಹೋಗೋದು ಬಿಡು, ಅದರ ಗಟ್ಟಿತನನೇ ಕಮ್ಮಿ ಆಗ್ತದ. ಬೇರಿಂಗಿನ ಗ್ರೀಸ್ ಕರಗ್ತದ, ಎಬಿಎಸ್ ಬ್ರೇಕಿನ ಸೆನ್ಸರ್ ವೈರ್ ಸುಡ್ತದ, ಟೈರ್ ಬಿಸಿಯಾಗಿ ಸಿಡಿದ್ರ ಜೀವಕ್ಕೇ ಅಪಾಯ. ಅದೂ ಈಗಷ್ಟೇ ಸ್ಪ್ರೇ ಎಣ್ಣಿ ಹೊಡೆದ ಜಾಗದಾಗ ಬೆಂಕಿ ಹಿಡಿಯೋದು ನೆನಸಲಕ್ಕೂ ಬ್ಯಾಡ.

ಕೀ ಹಲ್ಲು ಪೂರಾ ಹೋಗಿದ್ರ, ಇಲ್ಲಾ ಕೀನೇ ಕಳೆದಿದ್ರ ಮುಂದಿನ ಮಾತು. ಮೊದಲು ಲಾಕ್ ನಟ್ಟಿನ ಡಬ್ಬಿ ಹುಡುಕ್ರಿ, ಅದರಾಗ ನಂಬರಿನ ಚೀಟಿ ಇದ್ರ ಅದೇ ನಂಬರಿನ ಹೊಸ ಕೀ ತರಸಬಹುದು. ಸ್ಟೆಪ್ನಿ ಕೆಳಗ, ಡ್ಯಾಶ್‌ಬೋರ್ಡ್ ಖಾನೆದಾಗ, ಸೀಟಿನ ಕೆಳಗ ನೋಡ್ರಿ. ಕೀ ಭಾಳ ಸಲ ಕಡೀ ಸಲ ಗಾಲಿ ಬಿಚ್ಚಿಸಿದ ಅಂಗಡ್ಯಾಗೇ ಉಳಿದಿರ್ತದ.

ಅದೂ ಆಗಲಿಲ್ಲಂದ್ರ ನಟ್ ಎಕ್ಸ್‌ಟ್ರ್ಯಾಕ್ಟರ್. ಸಾಕೆಟಿನಂಗೇ ಇರ್ತದ, ಒಳಗ ಎಡಕ್ಕ ಸುತ್ತಿದ ಓರೆ ಹಲ್ಲು ಇರ್ತಾವ, ಎಡಕ್ಕ ತಿರುವಿದಷ್ಟೂ ನಟ್ಟಿಗಿ ಹೆಚ್ಚು ಕಚ್ಚತದ. ವರ್ನಿಯರ್ ಅನ್ನೋ ಅಳತಿ ಸಾಧನಲೆ ನಟ್ಟಿನ ಹೊರಗಿನ ಅಗಲ ಅಳೀರಿ, ಬಾಯಿಗಿ ಒಂದೆರಡು ಮಿಲಿಮೀಟರ್ ಅಷ್ಟೇ ಹೊಗೋ ಸೈಜ್ ತೊಗೊರಿ. ಸರಳ ಹೊಕ್ಕಿತು ಅಂದ್ರ ಅದು ದೊಡ್ಡದು, ಕೆಲಸಕ್ಕ ಬರಂಗಿಲ್ಲ. ನಟ್ಟಿಗೂ ಅಲಾಯ್ ಗೋಡಿಗೂ ನಡುವ ಜಾಗ ಎಷ್ಟದ ಅದೂ ಅಳೀರಿ, ಕೆಲವು ಅಲಾಯ್‌ದಾಗ ದಪ್ಪ ಸಾಕೆಟ್ ಹೋಗಂಗೇ ಇಲ್ಲ. ಹಳೆ ನೀರಿನ ಪ್ಲಾಸ್ಟಿಕ್ ಬಾಟ್ಲಿ ಉದ್ದಕ ಕತ್ತರಿಸಿ ಸುರಳಿ ಮಾಡಿ ಆ ಸಂದಿನಾಗ ಸಿಗಸ್ರಿ, ಅಲಾಯಿಗಿ ಗೆರಿ ಬೀಳಂಗಿಲ್ಲ. ಕಣ್ಣಿಗಿ ಚಷ್ಮಾ ಹಾಕ್ಕೊರಿ, ಈ ನಟ್ ಭಾಳ ಗಟ್ಟಿ ಉಕ್ಕು, ಚೂರು ಸಿಡೀತಾವ. ಕಿಲೋ, ಒಂದೂವರಿ ಕಿಲೋ ಹತೋಡಿಲೆ ನೆಟ್ಟಗ ನಾಕೈದು ಗಟ್ಟಿ ಏಟು, ತಳಕ್ಕ ಕೂತಾಗ ಸಪ್ಪಳ ಬದಲಾಗ್ತದ. ಹತ್ತಿಪ್ಪತ್ತು ಏಟು ಹೊಡೀಬ್ಯಾಡ್ರಿ, ಆ ಪೆಟ್ಟು ಸೀದಾ ಬೇರಿಂಗಿಗಿ ಹೋಗ್ತದ, ಆಮ್ಯಾಲ ಗುಂಯ್ ಅಂತ ಸಪ್ಪಳ ಶುರು ಆಗ್ತದ. ಅದಾದ ಮ್ಯಾಲ ಬಾರಿಲೆ ನಿಧಾನ ತಿರುವ್ರಿ. ನಟ್ ಬಂದ ಮ್ಯಾಲ ಸಾಕೆಟ್ ಒಳಗೇ ಸಿಕ್ಕಿರ್ತದ, ಹಿಂದಿನ ಚೌಕ ತೂತಿನಾಗ ಪಂಚ್ ಇಟ್ಟು ಹೊಡೆದ್ರ ಬೀಳ್ತದ.

ಎಕ್ಸ್‌ಟ್ರ್ಯಾಕ್ಟರ್ ಸಿಗಲಿಲ್ಲಂದ್ರ ಹನ್ನೆರಡು ಮೂಲಿ ಇರೋ ಹಳೆ ಸಾಕೆಟ್, ನಟ್ಟಿಗಿಂತ ಒಂದೀಟು ಸಣ್ಣದು, ಹಂಗೇ ಬಡಿದು ಕೂಡಸ್ರಿ. ಆ ಸಾಕೆಟ್ ಹೋಯ್ತು ಅಂತ ತಿಳೀರಿ. ಆದರ ನಟ್ಟಿನ ಹೊರಗಿನ ಉಂಗುರ ಕೈಲೆ ಗರಗರ ತಿರುಗ್ತದಂದ್ರ ಇವೆರಡೂ ನಡಿಯಂಗಿಲ್ಲ, ಆ ಉಂಗುರ ಕಳ್ಳರಿಗಂತೇ ಮಾಡಿದ್ದು. ಅದನ್ನೂ, ವೆಲ್ಡಿಂಗ್ ಹಚ್ಚಿ ತೆಗೆಯೋದನ್ನೂ, ಡ್ರಿಲ್ ಹೊಡೆಯೋದನ್ನೂ ವರ್ಕ್‌ಶಾಪಿಗಿ ಬಿಡ್ರಿ.

ಸ್ಟಡ್ ಮುರೀತಂದ್ರ ಗಾಬರಿ ಆಗಬ್ಯಾಡ್ರಿ, ಹಬ್‌ನಾಗ, ಅಂದ್ರ ಗಾಲಿ ಕೂಡೋ ನಡುವಿನ ಭಾಗದಾಗ, ಒತ್ತಿ ಕೂಡಿಸಿದ್ದು ಅದು, ಹೊಡೆದು ಹೊಸದು ಹಾಕ್ತಾರ. ಸ್ಕೋಡಾ, ಫೋಕ್ಸ್‌ವ್ಯಾಗನ್ ಇರೋವ್ರು ಮಾತ್ರ ಬೇಗ ಕೈ ಬಿಡ್ರಿ. ಅವಕ್ಕ ನಟ್ ಇಲ್ಲ, ಬೋಲ್ಟ್. ಮುರಿದ್ರ ತುಂಡು ಹಬ್‌ನೊಳಗೇ ಉಳೀತದ.

ಬಂದ ಮ್ಯಾಲ ಸ್ಟಡ್ಡಿನ ಥ್ರೆಡ್ಡಿಗಿ ತಂತಿ ಬ್ರಶ್ ಹೊಡೀರಿ, ಉಳಿದ ಎಣ್ಣಿ ಒರಸ್ರಿ. ಸಾದಾ ನಟ್ ಬೆರಳಿಲೇ ತಿರುವಿದ್ರ ತಳತನಕ ಹೋಗಬೇಕು, ನಡುವ ಹಿಡಿದ್ರ ಸ್ಟಡ್ ಬದಲಸ್ರಿ. ಥ್ರೆಡ್ಡಿಗಿ ಗ್ರೀಸ್ ಹಚ್ಚಬ್ಯಾಡ್ರಿ. ಜಾರಿಕಿ ಇದ್ರ ಅದೇ ಬಿಗಿತಕ್ಕ ಸ್ಟಡ್ ಲೆಕ್ಕ ಮೀರಿ ಹಿಗ್ತದ. ಮತ್ತ ನನ್ನ ಮಾತು ಕೇಳ್ತೀರಂದ್ರ ನಾಕೂ ಗಾಲಿದು ಲಾಕ್ ನಟ್ ತೆಗೆದು ಸಾದಾ ನಟ್ ಹಾಕಿಬಿಡ್ರಿ. ರಾತ್ರಿ ಹುಮನಾಬಾದ್ ದಾರ್ಯಾಗ ಪಂಕ್ಚರ್ ಆದ್ರ ಮನಿಮಂದಿ ಕೂಡಿಸ್ಕೊಂಡು ಈ ಕೆಲಸ ಮಾಡೋದು ಆಗಂಗಿಲ್ಲ. ಕ್ರೆಟಾಕ್ಕ 12 ಮಿಲಿಮೀಟರ್, 1.5 ಥ್ರೆಡ್, ಬುಡ ಇಳಿಜಾರು ಇರೋ ನಟ್ಟೇ ಬೇಕು. ಹೋಂಡಾದ್ದು ಬುಡ ಗುಂಡಗ ಇರ್ತದ, ಮಾರುತಿದು ಥ್ರೆಡ್ಡೇ ಬ್ಯಾರೆ, 1.25. ಅಂಗಡ್ಯಾಗ ಎಲ್ಲಾ ಒಂದೇ ಅಂದ್ರ ನಂಬಬ್ಯಾಡ್ರಿ, ಹಳೇ ಸಾದಾ ನಟ್ ಒಂದು ಜೋಡಿ ಒಯ್ಯಿರಿ.

ಲಾಕ್ ನಟ್ ಇಟ್ಟುಕೊಳ್ಳೋವ್ರು ಟೈರ್ ಅಂಗಡ್ಯಾಗ ಆ ಒಂದು ನಟ್ ಕೈ ಪಾನಾಲೆ ಹಾಕಲಕ್ಕ ಹೇಳ್ರಿ, ಗನ್ ಬ್ಯಾಡ. ಕೀ ಟೂಲ್ ಚೀಲಕ್ಕ ಕಟ್ಟಿಡ್ರಿ.

ಗಾಲಿ ಹಾಕೋವಾಗ ಐದೂ ನಟ್ ಬೆರಳಿಲೆ, ಆಮ್ಯಾಲ ಒಂದು ಬಿಟ್ಟು ಒಂದು ನಕ್ಷತ್ರದಂಗ, ಜಾಕ್ ಇಳಿಸಿ ಟಾರ್ಕ್ ಪಾನಾಲೆ ಮ್ಯಾನ್ಯುವಲ್‌ದಾಗ ಇದ್ದ ಅಂಕಿಗಿ ಬಿಗೀರಿ. 50ರಿಂದ 100 ಕಿಲೋಮೀಟರ್ ಓಡಿದ ಮ್ಯಾಲ ಹೊಳ್ಳಿ ಒಮ್ಮೆ ನೋಡ್ರಿ. ಕಾಕಾ, ಈಗ ಬಿಸಲು ಭಾಳ ಅದ, ಕಬ್ಬಿಣ ಮುಟ್ಟಲಕ್ಕ ಆಗಂಗಿಲ್ಲ. ಈಗ ಎಣ್ಣಿ ಹೊಡೆದು ಬಿಡ್ರಿ, ಸಂಜಿಮುಂದ ತಿರುವ್ರಿ. ಸಂದಿ ಕೆರೆದ ಮ್ಯಾಲ ನಟ್ಟಿನ ಮುಖದ್ದು ಹತ್ತಿರದಿಂದ ಒಂದು ಫೋಟೊ ಹಾಕ್ರಿ, ಹಲ್ಲು ಎಷ್ಟು ಉಳಿದಾವ ನೋಡಿ ಹೇಳ್ತೀನಿ. ಕೀ ಮ್ಯಾಲಿನ ನಂಬರ್ ಮಾತ್ರ ಗ್ರೂಪ್‌ನಾಗ ಹಾಕಬ್ಯಾಡ್ರಿ.